ಇಂಗ್ಲಿಷರೇ ಬಿಟ್ಟ ಶಬ್ದ

ನಾನು ಚಿಕ್ಕವಳಿದ್ದಾಗ ಮೆಹದಿಪಟ್ಟಣಂನ ನಮ್ಮ ಬಾಡಿಗೆ ಮನೆಗೆ ಬೇಸಿಗೆ ಬಂದದ್ದು ಮೊದಲು ಮೂಗಿಗೇ ಗೊತ್ತಾಗುತ್ತಿತ್ತು. ಕೂಲರಿಗೆ ಹೊಸ ಲಾವಂಚದ ತಟ್ಟಿ ಕಟ್ಟಿ ನೀರು ಬಿಟ್ಟರೆ ಮನೆತುಂಬ ಹಸಿ ಬೇರಿನ ವಾಸನೆ. ಮಧ್ಯಾಹ್ನವಿಡೀ ಆ ತಂಪಿನಲ್ಲಿ ಕೂತು ಶಾಂತತ್ತೆಯ ಜೊತೆ ಚೌಕಾಬಾರ ಆಡುತ್ತಿದ್ದೆ. ಸೋತರೂ ಗೆದ್ದೆನೆಂದು ಜಗಳ ತೆಗೆಯುವ ನನ್ನನ್ನು ಸಹಿಸುತ್ತಿದ್ದವಳು ಅವಳೊಬ್ಬಳೇ.

ಶಾಂತತ್ತೆ ಅಪ್ಪನ ತಂಗಿ. ಅಜ್ಜಿಗೆ ಲಕ್ವಾ ಹೊಡೆದ ಮೇಲೆ ಅವಳನ್ನು ಕರೆದುಕೊಂಡು ರಾಯಚೂರಿನಿಂದ ಬಂದವಳು ನಮ್ಮಲ್ಲೇ ಉಳಿದಳು. ಅಪ್ಪನಿಗೆ ಕಾರ್ಖಾನೆ, ಅವ್ವನಿಗೆ ಶಾಲೆಯ ಟೀಚರ್ ಕೆಲಸ. ಅಜ್ಜಿಯನ್ನು ಎತ್ತಿ ಕೂಡಿಸುವುದು, ಮೈ ಒರೆಸುವುದು, ಉಣಿಸುವುದು, ಆಮೇಲೆ ನಮಗೆಲ್ಲ ಬಿಸಿ ರೊಟ್ಟಿ ಬಡಿಯುವುದು ಅತ್ತೆಯ ಪಾಲಿಗೆ ಬಂದಿತ್ತು. ಇದನ್ನು ಯಾರೂ ಅವಳಿಗೆ ಒಪ್ಪಿಸಿರಲಿಲ್ಲ, ಸುಮ್ಮನೆ ಹಾಗೇ ಆಗಿಹೋಗಿತ್ತು.

ಆ ಬೇಸಿಗೆಯಲ್ಲಿ ಸಿಕಂದರಾಬಾದಿನಿಂದ ಒಬ್ಬ ರೈಲ್ವೆ ಗುಮಾಸ್ತರು ಅತ್ತೆಯನ್ನು ನೋಡಲು ಬಂದರು. ನಮ್ಮ ಕಡೆಯವರೇ. ಅತ್ತೆ ಮಾಡಿದ ಶೇಂಗಾ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ಅವರು ಬಂದುಹೋದ ಮೇಲೆ ಅತ್ತೆ ದಿನಾ ಮಲ್ಲಿಗೆ ಮುಡಿಯತೊಡಗಿದಳು. ಅವರಿಗೆ ಅಪ್ಪ ಏನು ಉತ್ತರ ಕೊಟ್ಟನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಪ್ಪನಿಗೆ ಇಂಗ್ಲಿಷ್ ಹುಚ್ಚು. ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಕೊಂಡ ದಪ್ಪ ನಿಘಂಟೊಂದಿತ್ತು. ಎಲ್ಲಾದರೂ ಕೇಳಿದ ಹೊಸ ಶಬ್ದವನ್ನು ನಾನು ಸಂಜೆ ಚಹಾದ ಹೊತ್ತಿಗೆ ತರಬೇಕು, ಅಪ್ಪ ಅದರ ಜಾತಕ ಬಿಚ್ಚಬೇಕು. ಒಂದು ಸಂಜೆ ‘ಸ್ಪಿನ್‌ಸ್ಟರ್’ ತಂದೆ. ಕೆಳಗಿನ ಮನೆಯ ಆಂಟಿ ನಮ್ಮ ಅತ್ತೆಯ ಬಗ್ಗೆ ಹಾಗಂದರು ಎಂದೂ ಹೆಮ್ಮೆಯಿಂದ ಹೇಳಿದೆ.

ಅಪ್ಪ ಪುಟ ತಿರುವಿದ. ಹಿಂದಿನ ಕಾಲದಲ್ಲಿ ನೂಲು ತೆಗೆಯುವ ಹೆಂಗಸಿಗೆ ಹಾಗನ್ನುತ್ತಿದ್ದರು, ಕೈಯಲ್ಲಿ ಕಸುಬು ಇದ್ದವಳು, ತನ್ನ ಅನ್ನ ತಾನೇ ದುಡಿಯುವವಳು ಎಂದು ಹೇಳಿ ನಿಘಂಟು ಮುಚ್ಚಿಬಿಟ್ಟ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿದಳು.

“ಪೂರಾ ಹೇಳಣ್ಣಾ. ಅರ್ಧಾಕ್ಕ ಯಾಕ ಬಿಟ್ಟಿ?”

ಅಪ್ಪ ಮತ್ತೆ ತೆರೆದು, ತಲೆ ತಗ್ಗಿಸಿಕೊಂಡೇ ಹೇಳಿದ. ಮುಂದೆ ಕೋರ್ಟಿನ ಕಾಗದಗಳಲ್ಲಿ ಮದುವೆಯಾಗದ ಹೆಂಗಸರ ಹೆಸರಿನ ಮುಂದೆ ಆ ಶಬ್ದ ಬರೆಯತೊಡಗಿದರಂತೆ. ಆಮೇಲಾಮೇಲೆ ವಯಸ್ಸು ಮೀರಿದವಳು, ಯಾರೂ ಕೇಳದೆ ಉಳಿದವಳು ಎಂಬ ಹಂಗಿಸುವ ಮಾತಾಯಿತಂತೆ.

“ನನ್ನ ಕೇಳಾಕ ಬಂದಿದ್ರಲ್ಲ,” ಅಂದಳು ಅತ್ತೆ. “ಸಿಕಂದರಾಬಾದಿನವರಿಗೆ ಏನಂತ ಹೇಳಿದಿ?”

ಅಪ್ಪ ನಿಘಂಟು ಮುಚ್ಚಿ ಪಕ್ಕಕ್ಕಿಟ್ಟ.

“ಆಗೂದಿಲ್ಲ ಅಂತ ಹೇಳಿ ಕಳಿಸೀನಿ. ಅವ್ವನ್ನ ಯಾರು ನೋಡಬೇಕು, ಶಾಂತಾ?”

“ನನಗೊಂದು ಮಾತು ಕೇಳಬೇಕಿತ್ತು.”

ಅಷ್ಟೇ. ಒಳಗೆ ಅಜ್ಜಿ ಕರೆದಳು, ಅತ್ತೆ ಎದ್ದು ಹೋದಳು. ಅವ್ವ ನೆಲ ನೋಡುತ್ತ ಕೂತಳು. ಅಪ್ಪ ಅವತ್ತಿನಿಂದ ಸಂಜೆಯ ಶಬ್ದ ಕೇಳುವುದನ್ನೇ ಬಿಟ್ಟ. ನನಗೋ, ಖುಷಿಯಾಗಿತ್ತು. ಅತ್ತೆ ಎಲ್ಲಿಗೂ ಹೋಗುವುದಿಲ್ಲ ಎಂಬುದಷ್ಟೇ ನನ್ನ ತಲೆಗೆ ಹೋಗಿತ್ತು. ಮರುದಿನ ಚೌಕಾಬಾರದ ಮನೆ ಬರೆದು ಅವಳ ಕೈಹಿಡಿದು ಎಳೆತಂದೆ. ಅವಳೂ ಬಂದು ಕೂತು ಆಡಿದಳು, ಮಲ್ಲಿಗೆ ಮುಡಿದಿರಲಿಲ್ಲ.

ಅಜ್ಜಿ ನನ್ನ ಕಾಲೇಜು ಮುಗಿಯುವವರೆಗೂ ಬದುಕಿದ್ದಳು. ಅಪ್ಪ ತನ್ನ ಕೊನೆಗಾಲದಲ್ಲಿ ಆ ಸಂಬಂಧದ ವಿಷಯ ತೆಗೆದಾಗೆಲ್ಲ ಅತ್ತೆ, ಗುಳಿಗೆ ತಗೊಂಡೆಯಾ ಎಂದು ಮಾತು ಮರೆಸುತ್ತಿದ್ದಳು. ಈಗ ಮಣಿಕೊಂಡದಲ್ಲಿ ನನ್ನ ಜೊತೆಗಿದ್ದಾಳೆ. ಮದುವೆಯ ಕಾಗದಗಳಲ್ಲಿ ಆ ಶಬ್ದ ಬರೆಯುವುದನ್ನು ಇಂಗ್ಲೆಂಡಿನವರೇ ಬಿಟ್ಟರೆಂದು ಎಲ್ಲೋ ಓದಿದೆ. ಒಳ್ಳೆಯ ಸುದ್ದಿಯೆಂಬಂತೆ ಓಡಿಹೋಗಿ ಅವಳಿಗೆ ಹೇಳಿದೆ.

“ಛಲೋ ಆತು ಬಿಡವಾ,” ಅಂದಳು. “ನಾನರ ಅದರಾಗ ಮುದುಕಿ ಆದೆ.”

ಬಾಲ್ಯದ ಆ ಬೇಸಿಗೆಗಳು ಮತ್ತೆ ಬರುವುದಿಲ್ಲವೆಂದು ಗೆಳತಿಯರು ಹಲುಬುವಾಗ ನನಗೆ ಹೂಂಗುಡಲು ಬಾಯಿ ಬರುವುದಿಲ್ಲ. ನಾನು ಕಳೆದುಕೊಂಡದ್ದು ಬಾಲ್ಯ, ಅದನ್ನು ಎಲ್ಲರೂ ಕಳೆದುಕೊಳ್ಳುತ್ತಾರೆ. ಆ ಬಾಲ್ಯ ಅಷ್ಟು ಚೆಂದವಿದ್ದದ್ದು ಅತ್ತೆಗೆ ಅವಳದೇ ಒಂದು ಮನೆ ಇಲ್ಲದೆ ಹೋದದ್ದರಿಂದ.