ಪತ್ರಾಸಿನ ಮೇಲಿನ ಕುಂಬಳಕಾಯಿ

ಬನಹಟ್ಟಿಯಲ್ಲಿ ನಾವು ಆರು ವರ್ಷ ಇದ್ದ ಮನೆ ಮನೆಯಲ್ಲ, ಪಾವರ್‌ಲೂಮ್ ಶೆಡ್ಡಿನ ಹಿಂದಿನ ಒಂದು ಕೋಣೆ. ಗೋಡೆಯ ಆಚೆ ಎಂಟು ಮಗ್ಗಗಳು. ಅವು ನಡೆಯುತ್ತಿದ್ದಾಗ ಗೋಡೆಯ ಹಲಗೆಯ ಮೇಲಿಟ್ಟ ಸ್ಟೀಲ್ ಲೋಟಗಳು ತಾವಾಗಿಯೇ ಅಂಚಿನ ಕಡೆಗೆ ಸರಿಯುತ್ತಿದ್ದವು. ನನ್ನ ಗಂಡ ಅಲ್ಲಿ ಸೀರೆ ನೇಯುತ್ತಿದ್ದರು, ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ.

ನನ್ನ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಅವಳನ್ನು ಆಸ್ಪತ್ರೆಯವರು ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆಗ ದುಡ್ಡು ಕೊಟ್ಟವರು ಮಗ್ಗದ ಸಾವಕಾರರು. ಅದಕ್ಕೆ ಇಲ್ಲಿ ಬಾಕಿ ಅನ್ನುತ್ತಾರೆ. ಬಾಕಿ ಮುಟ್ಟುವವರೆಗೆ ಬೇರೆಯವರ ಮಗ್ಗಕ್ಕೆ ಹೋಗುವಂತಿಲ್ಲ. ಸೀರೆಗೆ ಗಿರಾಕಿ ಇಲ್ಲದ ತಿಂಗಳುಗಳಲ್ಲಿ ಕೂಲಿ ಅರ್ಧವಾಗುತ್ತಿತ್ತು, ಮತ್ತೆ ಅವರ ಹತ್ತಿರವೇ ಕೈ ಚಾಚಬೇಕಾಗುತ್ತಿತ್ತು. ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಬಾಕಿ ಮಾತ್ರ ಅವಳು ಹುಟ್ಟಿದಾಗಿನಷ್ಟೇ ಇತ್ತು.

ನಾನು ಮುಧೋಳದವಳು. ಅಜ್ಜನ ಕಾಲದಿಂದ ನಮ್ಮದು ಕ್ರೈಸ್ತ ಮನೆತನ. ಭಾನುವಾರದ ಆರಾಧನೆ ತಪ್ಪಿಸಿದ್ದು ತವರಿನಲ್ಲಿ ನೆನಪಿಲ್ಲ. ಇಲ್ಲಿ ಮಗ್ಗಕ್ಕೆ ರಜೆ ಸಂತೆಯ ದಿನ, ಭಾನುವಾರ ಅಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನಾನು ಮಗಳನ್ನು ಕಟ್ಟಿಕೊಂಡು ಜಮಖಂಡಿಯ ಚರ್ಚಿಗೆ, ನಮ್ಮ ಮಾತಿನಲ್ಲಿ ಸಭೆಗೆ, ಹೋಗತೊಡಗಿದೆ. ಗಂಡ ಬರುವಂತಿರಲಿಲ್ಲ. ನಾವು ಹೊರಟಾಗ ಮಗ್ಗದ ಮುಂದೆ ನಿಂತೇ ಕತ್ತು ಹೊರಳಿಸಿ ನೋಡುತ್ತಿದ್ದರು. ಆ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ.

ಸಭೆಯಲ್ಲೂ ನನಗೆ ಬಿಡುಗಡೆ ಇರಲಿಲ್ಲ. ಕಾಣಿಕೆಯ ಚೀಲ ಹತ್ತಿರ ಬಂದಾಗ ಖಾಲಿ ಮುಷ್ಟಿಯನ್ನೇ ಒಳಗೆ ಹಾಕಿ ತೆಗೆದ ದಿನಗಳಿವೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾವಕಾರರ ಮುಖವೇ ಎದುರಿಗೆ ಬರುತ್ತಿತ್ತು.

ಒಂದು ಭಾನುವಾರ ಪಾಸ್ಟರು, ಮುಂದಿನ ವಾರ ಸುಗ್ಗಿ ಹಬ್ಬ, ಎಲ್ಲರೂ ಬೆಳೆದದ್ದನ್ನು ತನ್ನಿರಿ ಎಂದರು. ತಂದದ್ದನ್ನು ಅಲ್ಲೇ ಹರಾಜು ಹಾಕಿ, ಬಂದ ಹಣವನ್ನು ಸಭೆಗೆ ಸೇರಿಸುವುದು ರೂಢಿ. ನಮಗೆ ಹೊಲ ಎಲ್ಲಿಯದು? ಆದರೆ ಮಳೆಗಾಲದಲ್ಲಿ ನಾನು ಊರಿದ್ದ ಕುಂಬಳದ ಬೀಜ ಬಳ್ಳಿಯಾಗಿ ಶೆಡ್ಡಿನ ಪತ್ರಾಸಿನ, ಅಂದರೆ ತಗಡಿನ ಚಾವಣಿಯ, ಮೇಲೆ ಹಬ್ಬಿತ್ತು. ಬಿಟ್ಟ ಕಾಯಿಗಳೆಲ್ಲ ಸಾವಕಾರರ ತಾಯಿಯ ಅಡಿಗೆಮನೆಗೇ ಹೋಗುತ್ತಿದ್ದವು. ಯಾರೂ ಹೇಳಿರಲಿಲ್ಲ, ನಾನೇ ಒಯ್ದು ಕೊಡುತ್ತಿದ್ದೆ. ಕೊನೆಯದೊಂದು ದೊಡ್ಡ ಕಾಯಿ ಉಳಿದಿತ್ತು.

ಹಬ್ಬದ ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಹೊರಡುವಾಗ ಆ ತಾಯಿ ಅಂಗಳದಲ್ಲೇ ಇದ್ದರು.

“ಏನ ಬೇ, ಎಲ್ಲಿಗೆ ಒಯ್ಯಾಕತ್ತಿ ಅದನ್ನ?”

“ನಮ್ಮ ಸಭಾಕ್ಕರಿ ಅವ್ವಾರ. ಇದೊಂದ ಕಾಯಿ ದೇವರಿಗೆ ಕೊಡಬೇಕಂತ ಮಾಡೇನ್ರಿ.”

“ಗ್ವಾಡಿ ನಮ್ದು, ಪತ್ರಾಸ ನಮ್ದು. ಕಾಯಿ ಅಷ್ಟ ನಿಂದೇನು?”

ನಾನು ಚೀಲವನ್ನು ಬಿಗಿಯಾಗಿ ಹಿಡಿದು, “ಬೀಜ ನಂದ್ರಿ. ದಿನಾ ನೀರ ಹಾಕಿದಾಕಿ ನನ್ನ ಮಗಳ್ರಿ,” ಎಂದೆ. ಅಲ್ಲಿದ್ದ ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಯ್ಯಿ. ನಾಳೆ ಬಾಕಿ ಕೇಳಿದ್ರ ನಿಮ್ಮ ದೇವರ ಬಂದ ಕೊಡ್ತಾನೇನು, ನೋಡೂಣು.”

ಬಸ್ಸಿನಲ್ಲಿ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಇಳಿದು ವಾಪಸ್ಸು ಹೋಗಿ ಕಾಯಿ ಕೊಟ್ಟುಬಿಡಲೇ ಅನ್ನಿಸಿತು. ಮಗಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದಳು.

ಸಭೆಯಲ್ಲಿ ಬೆಲ್ಲದ ಪೆಂಟಿ, ಜೋಳ, ಕಬ್ಬಿನ ಜಲ್ಲೆ, ಕಾಲು ಕಟ್ಟಿದ ಎರಡು ಕೋಳಿ ಬಂದಿದ್ದವು. ಹರಾಜು ಕೂಗುತ್ತಿದ್ದವರು ಒಬ್ಬ ನಿವೃತ್ತ ಮಾಸ್ತರರು. ನಮ್ಮ ಕುಂಬಳಕಾಯಿಯನ್ನು ಎತ್ತಿ ಹಿಡಿದಾಗ ಅವರ ಸೊಂಟವೇ ಒಂದು ಕಡೆಗೆ ವಾಲಿತು, ಎಲ್ಲರೂ ನಕ್ಕರು. ನಾನು ನೆಲ ನೋಡುತ್ತಿದ್ದೆ. ಕೊನೆಗೆ ಅದನ್ನು ತೆಗೆದುಕೊಂಡವರು ಬೀಳಗಿಯಲ್ಲಿ ನರ್ಸ್ ಆಗಿದ್ದ ಒಬ್ಬ ಅಕ್ಕ. ಅವರು ಎದ್ದು ನೇರ ನನ್ನ ಹತ್ತಿರವೇ ಬಂದರು.

“ತಗೋರಿ ಅಕ್ಕಾರ. ಮನಿಗೆ ಒಯ್ದು ಹುಡುಗಿಗೆ ಏನರೆ ಮಾಡಿಕೊಡ್ರಿ.”

ಅವರ ದನಿಯಲ್ಲಿ ಕರುಣೆ ಬಿಟ್ಟರೆ ಬೇರೇನಿರಲಿಲ್ಲ. ಅದಕ್ಕೇ ನನಗೆ ಅಳು ಬಂತು. ಆಸ್ಪತ್ರೆಯಿಂದ ಹಿಡಿದು ಅವತ್ತಿನವರೆಗೆ ನಾನು ಬರೀ ತೆಗೆದುಕೊಳ್ಳುವವಳಾಗಿದ್ದೆ.

“ಬ್ಯಾಡ್ರಿ. ಅದನ್ನ ನಾ ಕೊಟ್ಟೇನ್ರಿ,” ಎಂದೆ.

ಅವರು ಕಾಯಿಯನ್ನು ಕಂಕುಳಿಗೆ ಒತ್ತಿಕೊಂಡು, “ಆತು ಬಿಡ್ರಿ. ಹಂಗಾರ ಈ ಕಾಯಿದು ಸಿಹಿ ಗಾರಿಗಿ ಹೆಂಗ ಕರಿಯೂದು ಹೇಳ್ರಿ. ನಾ ಕರದ್ರ ಯಾವಾಗಲೂ ಎಣ್ಣ್ಯಾಗ ಒಡೀತಾವು,” ಎಂದು ನನ್ನ ಪಕ್ಕದಲ್ಲೇ ಕೂತರು. ನಾನು ಹಿಟ್ಟಿನ ಹದ ಹೇಳಿದೆ, ಬೆಲ್ಲ ಎಷ್ಟು ಅಂತ ಹೇಳಿದೆ. ಮುಂದೆ ಹಾಡು ಶುರುವಾಯಿತು. ಎಷ್ಟೋ ತಿಂಗಳ ಮೇಲೆ ನಾನು ಗಟ್ಟಿಯಾಗಿ ಹಾಡಿದೆ. ಕಣ್ಣು ಮುಚ್ಚಿದೆ, ಯಾರ ಮುಖವೂ ಎದುರಿಗೆ ಬರಲಿಲ್ಲ. ಬಾಕಿ ಇದ್ದಲ್ಲೇ ಇತ್ತು. ಆದರೂ ದೇವರ ಮುಂದೆ ನಾನು ಯಾರ ಆಳೂ ಅಲ್ಲ ಅನ್ನುವುದು ಅಲ್ಲಿ ಕೂತಾಗ ಖಾತ್ರಿಯಾಯಿತು. ಆ ಸಂತೋಷಕ್ಕೆ ಬೇರೆ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿದರು. “ಅವ್ವಾರಿಗೆ ಹಂಗ ಅಂದಿ? ಖರೆ?” ಎಂದು ಎರಡು ಸಲ ಕೇಳಿ ಮತ್ತೆ ಮಗ್ಗಕ್ಕೆ ಹೋದರು.

ಮರುವರ್ಷ ಸಾವಕಾರರು ಮಗ್ಗಗಳನ್ನು ರಬಕವಿಯ ಒಬ್ಬರಿಗೆ ಮಾರಿದರು. ಮಗ್ಗದ ಜೊತೆ ನಮ್ಮ ಬಾಕಿಯೂ ಅವರ ಕೈಗೆ ಹೋಯಿತು. ಹೊಸ ಸಾವಕಾರರು ನಮ್ಮನ್ನು ಕರೆಸಿ, ರಬಕವಿಗೆ ಯಾವಾಗ ಬರುತ್ತೀರಿ ಎಂದು ಕೇಳಿದಾಗ, ಎಂದೂ ಬಾಯಿ ಬಿಡದ ನನ್ನ ಗಂಡ ನಿಂತಲ್ಲಿಂದಲೇ ಹೇಳಿದರು: “ನಾಳೇನ ಬರ್ತೇವ್ರಿ. ಆದ್ರ ಐತವಾರ ಮುಂಜಾನಿ ನಾ ಮಗ್ಗ ಹಚ್ಚೂದಿಲ್ರಿ. ಬೇಕಾದ್ರ ಸಂತಿ ದಿನ ಮಾಡಿಕೊಡ್ತೇನಿ.”

ಹೊಸ ಸಾವಕಾರರು ಮೀಸೆ ತಿರುವಿ, “ಆತು,” ಎಂದರು.

ಹೊಸ ಕೋಣೆಯೂ ಮಗ್ಗದ ಹಿಂದೆಯೇ ಇದೆ. ಮೊದಲ ಭಾನುವಾರ ನಾನೂ ಮಗಳೂ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಫ್ರೀ ಟಿಕೆಟ್ ತೆಗೆದುಕೊಂಡು ಕೂತೆವು. ನನ್ನ ಗಂಡ ಕಂಡಕ್ಟರನ ಕೈಗೆ ದುಡ್ಡು ಕೊಟ್ಟು, ಜಮಖಂಡಿಗೆ ಒಂದು ಟಿಕೆಟ್ ಕೇಳಿದರು.