ಶಿವನಂಜಮ್ಮ ನಾಚರ್ ಕೊಂಡದ್ದು

ಕುಂಬಾರಕೊಪ್ಪಲಿನಲ್ಲಿ ಚೆಲುವರಾಜುವಿನ ವೆಲ್ಡಿಂಗ್ ಶೆಡ್ಡು ಯಾವುದೆಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಅಲ್ಲಿ ವೆಲ್ಡಿಂಗ್ ಮಾಡುವುದು ಚೆಲುವರಾಜು ಅಲ್ಲ, ಅವನ ಹೆಂಡತಿ ಶಿವನಂಜಮ್ಮ ಎನ್ನುವುದು ಮಾತ್ರ ಒಳಗೆ ಹೋದ ಮೇಲೇ ಗೊತ್ತಾಗುವುದು. ಕಪ್ಪುಗಾಜಿನ ಮುಖವಾಡ ಹಾಕಿ, ನೈಟಿಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು ಕೂತವಳನ್ನು ಎಷ್ಟೋ ಗಿರಾಕಿಗಳು ‘ಏನಪ್ಪಾ’ ಎಂದು ಮಾತಾಡಿಸಿದ್ದುಂಟು. ಅವಳೂ ಗಂಟಲು ದಪ್ಪ ಮಾಡಿಕೊಂಡು ‘ಏನ್ ಸಾರ್’ ಎಂದು ಓಗೊಟ್ಟದ್ದುಂಟು.

ನಂಜನಗೂಡು ಕಡೆಯ ಬೇಸಾಯಗಾರರ ಮನೆ ಹುಡುಗಿ. ಮದುವೆಯಾಗಿ ಮೈಸೂರಿಗೆ ಬಂದಾಗ ಕಬ್ಬಿಣವೆಂದರೆ ಕುಡುಗೋಲು, ಗುದ್ದಲಿ, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಚೆಲುವರಾಜು ಮಾತ್ರ ಹರೆಯದಿಂದಲೂ ವೆಲ್ಡಿಂಗ್ ಬೆಳಕನ್ನು ನೋಡಿದವನು, ಅದೂ ಅರ್ಧ ಹೊತ್ತು ಬರಿಗಣ್ಣಿನಲ್ಲಿ. ಹೇಳಿದವರ ಮಾತು ಕೇಳುವ ಜಾತಿಯವನೇ ಅಲ್ಲ. ಕಣ್ಣಿನ ಒಳಪರದೆ ಸುಟ್ಟುಹೋಯಿತು. ಕನ್ನಡಕದಿಂದಲೂ ಆಪರೇಷನ್ನಿನಿಂದಲೂ ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನಾದರೂ ಉಳಿಸಿಕೊಳ್ಳಿ ಎಂದರು ಡಾಕ್ಟರು. ಹಾಗೆ ವೆಲ್ಡಿಂಗ್ ರಾಡು ಶಿವನಂಜಮ್ಮನ ಕೈಗೆ ಬಂತು. ಪೈಪು ಕತ್ತರಿಸುವ ಕೆಲಸವನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ.

ಬಿಡದಿರುವುದಕ್ಕೆ ಕಾರಣವಿತ್ತು. ದುಂಡು ಪೈಪಿನ ಮೇಲೆ ಇನ್ನೊಂದು ದುಂಡು ಪೈಪು ಕೂರಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿಯಂತೆ ಬಗೆಯಬೇಕು. ಬೇರೆಯವರು ಕಾಗದದ ಅಚ್ಚು ಸುತ್ತಿ, ಗೆರೆ ಎಳೆದು ಮಾಡುವುದನ್ನು ಚೆಲುವರಾಜು ಗ್ರೈಂಡರ್ ಹಿಡಿದು ಕಣ್ಣಳತೆಯಲ್ಲೇ ಮಾಡುತ್ತಿದ್ದ. ಅವನು ಕತ್ತರಿಸಿದ ಪೈಪಿಗೆ ವೆಲ್ಡಿಂಗೇ ಬೇಡ, ಸುಮ್ಮನೆ ಇಟ್ಟರೂ ನಿಲ್ಲುತ್ತದೆ ಎಂದು ಊರು ಹೇಳುತ್ತಿತ್ತು. ಊರಿಗಿಂತ ಹೆಚ್ಚಾಗಿ ಅವನೇ ಹೇಳುತ್ತಿದ್ದ.

ಹೋದ ವರ್ಷದಿಂದ ಆ ಬಾಯಿ ಸರಿಯಾಗಿ ಕಚ್ಚುತ್ತಿರಲಿಲ್ಲ. ಒಂದು ಕಡೆ ಕೂತರೆ ಇನ್ನೊಂದು ಕಡೆ ಸಂದು. ಬೇರೆ ಯಾರಿಗೂ ಗೊತ್ತಾಗಲಿಲ್ಲ, ಬೆಸೆಯುವವಳಿಗೆ ಗೊತ್ತಾಗದೆ ಇರುತ್ತದೆಯೇ? ರಾಡಿನ ಮೇಲೆ ರಾಡು ಕರಗಿಸಿ, ಸಂದು ತುಂಬಿ, ಉಜ್ಜಿ ನುಣುಪು ಮಾಡಿ ಶಿವನಂಜಮ್ಮ ಬಾಯಿ ಮುಚ್ಚಿಕೊಂಡಳು. ಕಣ್ಣು ಹೋಯಿತು, ವೆಲ್ಡಿಂಗ್ ಹೋಯಿತು, ಇದನ್ನೂ ಕಿತ್ತುಕೊಂಡರೆ ಗಂಡ ಹಾಸಿಗೆ ಹಿಡಿಯುತ್ತಾನೆ ಎನ್ನುವುದು ಅವಳ ಭಯ. ಗೇಟಿಗೆ, ಮಲ್ಲಿಗೆ ಬಳ್ಳಿಯ ಚಪ್ಪರಕ್ಕೆ ಹಾಗೆ ತುಂಬಿದ್ದು ನಡೆದೂಹೋಗುತ್ತಿತ್ತು.

ನಡೆಯದಂತಾದದ್ದು ರಾಮಕೃಷ್ಣನಗರದ ಒಂದು ಶಿಶುವಿಹಾರದ ಕೆಲಸ ಬಂದಾಗ. ಮಕ್ಕಳು ಹತ್ತಿ ಜೋತಾಡುವುದಕ್ಕೆ ಪೈಪಿನ ಕಮಾನು ಆಗಬೇಕು ಎಂದರು ಅಲ್ಲಿಯ ಪ್ರೇಮಲೀಲಾ ಮೇಡಂ. ಕಮಾನೆಂದರೆ ಬಾಗಿದ ಪೈಪು. ಪೈಪು ಬಾಗಿಸುವ ಬೆಂಡರ್ ಮೆಷಿನ್ ಕೊಂಡೇಬಿಡೋಣ ಎಂದು ಚೆಲುವರಾಜು ಕುಣಿದ. ಕೈಯಲ್ಲಿದ್ದದ್ದು ಒಂದು ಮೆಷಿನ್ನಿನ ದುಡ್ಡು ಮಾತ್ರ. ಪೈಪನ್ನು ಹೊರಗೆ ಕೊಟ್ಟು ಬಾಗಿಸಿಕೊಂಡು ಬರಬಹುದು, ನಾವು ನಾಚರ್ ತಗೊಳ್ಳೋಣ, ಅದು ಮೀನುಬಾಯಿಯನ್ನು ತಾನೇ ಕೊರೆಯುತ್ತದೆ ಎಂದಳು ಶಿವನಂಜಮ್ಮ. ಬದುಕಿರುವಾಗಲೇ ನನ್ನ ತಿಥಿ ಮಾಡುತ್ತೀಯಾ ಎಂದು ಅವನು ಮಾತೇ ಬಿಟ್ಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಗಡಿಗೇ ಹೋಗಿ ಎರಡನ್ನೂ ನೋಡೋಣವೆಂದು ಅವಳು ಗಂಡನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು.

ಮೆಷಿನ್ ಅಂಗಡಿಯ ಶಾಮಣ್ಣ ಮೊದಲು ಬೆಂಡರ್ ತೋರಿಸಿದ. ಪೈಪು ಎಲ್ಲೂ ಚಪ್ಪಟೆಯಾಗದೆ, ಒಳಮಗ್ಗುಲಲ್ಲಿ ಸುಕ್ಕು ಬೀಳದೆ ಚೆನ್ನಾಗಿಯೇ ಬಾಗಿತು. ಆದರೆ ಒಂದೊಂದು ದಪ್ಪದ ಪೈಪಿಗೂ ಒಂದೊಂದು ಅಚ್ಚನ್ನು ಬೇರೆಯಾಗಿ ಕೊಳ್ಳಬೇಕು. ಮೂಗಿಗಿಂತ ಮೂಗುತಿ ಭಾರ. ನಾಚರುಗಳು ಎರಡಿದ್ದವು. ಪೈಪು ಕೊರೆಯುವ ದುಂಡು ಗರಗಸವನ್ನು ತಿರುಗಿಸುವ ಕಂಬಿಯನ್ನು ಶಿವನಂಜಮ್ಮ ಹಿಡಿದು ಅಲುಗಾಡಿಸಿದಳು. ಅಗ್ಗದ್ದು ಕಟಕಟ ಅಂದಿತು, ಬೇರಿಂಗ್ ಇದ್ದದ್ದು ಮಿಸುಕಲಿಲ್ಲ. ಹೀಗೆ ಅಲ್ಲಾಡುವ ಮೆಷಿನ್ನಿಗಿಂತ ನಮ್ಮೆಜಮಾನರ ಕೈಯೇ ವಾಸಿ ಎಂದು ಅವಳು ಗೊಣಗಿದ್ದು ಚೆಲುವರಾಜುವಿನ ಕಿವಿಗೆ ಬಿತ್ತು. ಕಿವಿಗೇನೂ ಆಗಿರಲಿಲ್ಲವಲ್ಲ. ಉಬ್ಬಿಹೋಗಿ ಅಲ್ಲೇ ಇದ್ದ ಗ್ರೈಂಡರ್ ಎತ್ತಿಕೊಂಡ. ತುಂಡು ಪೈಪೊಂದಕ್ಕೆ ಬಾಯಿ ಬಗೆದು, ಇನ್ನೊಂದರ ಮೇಲಿಟ್ಟು, ಬಾಗಿಲ ಬೆಳಕಿಗೆ ಹಿಡಿದ.

“ನೋಡಿ ಶಾಮಣ್ಣಾರೇ, ಒಂದು ಕೂದ್ಲು ತೂರುತ್ತಾ?”

ಬೆಂಕಿಕಡ್ಡಿ ತೂರುವಷ್ಟು ಬೆಳಕು ಅಲ್ಲಿ ಕಾಣುತ್ತಿತ್ತು. ಶಾಮಣ್ಣನಿಗೆ ಕಂಡಿತು, ಶಿವನಂಜಮ್ಮನಿಗೆ ಕಂಡಿತು. ಹಿಡಿದವನಿಗೆ ಕಾಣಲಿಲ್ಲ. ವ್ಯಾಪಾರಿ ಗಿರಾಕಿಯ ಮನಸ್ಸನ್ನು ಯಾಕೆ ನೋಯಿಸುತ್ತಾನೆ, ಅದೂ ದುಬಾರಿ ಮಾಲು ಹೋಗುವ ಹೊತ್ತಿನಲ್ಲಿ? ಇಂಥ ಕೈಗೆ ನಾಚರ್ ಯಾಕೆ ಸ್ವಾಮಿ ಎಂದು ಶಾಮಣ್ಣ ಬೆಂಡರಿಗೆ ಬಿಲ್ಲು ಬರೆಯಲು ಕೂತ.

ಶಿವನಂಜಮ್ಮ ಗಂಡನ ಹೆಬ್ಬೆರಳು ಹಿಡಿದು ಆ ಸಂದಿನ ಮೇಲಿಟ್ಟು ಒತ್ತಿದಳು. ಉಗುರು ಒಳಗೆ ಹೋಯಿತು.

“ಒಂದು ವರ್ಷದಿಂದ ನಾನೇ ತುಂಬ್ತಾ ಇದೀನಿ ಕಣ್ರೀ,” ಎಂದಳು. “ಗೇಟಿಗೆ ಆಯ್ತು, ತುಂಬ್ಬುಟ್ಟೆ. ಇದ್ರಲ್ಲಿ ಮಕ್ಳು ಜೋತಾಡ್ತಾವೆ.”

ಚೆಲುವರಾಜು ಉಗುರನ್ನು ಆ ಸಂದಿನಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿದ. ಪೈಪನ್ನು ಕೆಳಗಿಟ್ಟು, ಬೇರಿಂಗ್ ಇರುವ ಆ ನಾಚರಿಗೇ ಬಿಲ್ ಹಾಕಿ ಎಂದ. ಚೌಕಾಸಿಯನ್ನೂ ಮಾಡಲಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೂ ಜಗಳ ತೆಗೆಯುವ ಗಂಡ ಹೇಳಿದ ಬೆಲೆ ಕೊಟ್ಟದ್ದನ್ನು ನೋಡಿ ಶಿವನಂಜಮ್ಮನಿಗೆ ಹೆದರಿಕೆಯಾಯಿತು.

ಆದರೆ ಅವನು ಹಾಸಿಗೆ ಹಿಡಿಯಲಿಲ್ಲ, ಜಗಳವನ್ನೂ ಆಡಲಿಲ್ಲ. ಮೊದಮೊದಲು ನಾಚರಿನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಅವಳು ಕೋನ ಹೊಂದಿಸಿ ಕೊರೆಯುವಾಗ ಪಕ್ಕದಲ್ಲಿ ನಿಂತು ಎಣ್ಣೆ ಬಿಡತೊಡಗಿದ. ಕೊರೆದ ಪೈಪುಗಳು ಒಂದರ ಮೇಲೊಂದು ಅಂಟಿದ ಹಾಗೆ ಕೂತವು, ತೆಳ್ಳಗೆ ಒಂದು ಸುತ್ತು ಬೆಸೆದರೆ ಸಾಕಾಯಿತು. ಸಂಜೆಯಾದರೆ ಅವನು ತನ್ನ ಕೈಯ ಗೇಟುಗಳಿದ್ದ ಬೀದಿಗಳಲ್ಲಿ ಅಡ್ಡಾಡಿ ಬೆಸುಗೆಗಳನ್ನು ಸವರಿ ನೋಡುತ್ತಿದ್ದ ಎಂದು ಅಕ್ಕಪಕ್ಕದವರು ಬಂದು ಹೇಳಿದರು. ಅವಳು ಎಲ್ಲೆಲ್ಲಿ ತುಂಬಿದ್ದಳೋ ಅದು, ಅಷ್ಟು ನುಣುಪಾಗಿ ಉಜ್ಜಿದ್ದರಿಂದ, ಅವನ ಬೆರಳಿಗೆ ಸಿಕ್ಕಿರಲಾರದು.

ಶಿಶುವಿಹಾರದ ಅಂಗಳದಲ್ಲಿ ಕಮಾನು ನಿಲ್ಲಿಸಿದ್ದಾಯಿತು. ಪ್ರೇಮಲೀಲಾ ಮೇಡಂ ಸುತ್ತ ಬಂದು, ಬೆಸುಗೆಗಳನ್ನು ಮುಟ್ಟಿ, ಚೆಲುವರಾಜು ಅವರ ಕೈಚಳಕದ ಬಗ್ಗೆ ಕೇಳಿದ್ದೆ, ಜನ ಹೇಳಿದ್ದು ಸುಳ್ಳಲ್ಲ ಎಂದರು. ಶಿವನಂಜಮ್ಮ ನೆಲ ನೋಡಿದಳು. ಎಂದಿನಂತೆ ಎದೆ ಸೆಟೆಸಿ ಹೌದೆನ್ನಲಿ, ನಾನು ತುಟಿಪಿಟಿಕ್ಕೆನ್ನುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದಳು.

“ಕೊರೆದಿದ್ದು ಮೆಷಿನ್ನು, ಬೆಸೆದಿದ್ದು ನಮ್ಮನೆಯೋಳು ಮೇಡಂ,” ಎಂದ ಚೆಲುವರಾಜು. “ನಾನು ಬಣ್ಣ ಬಳಿದೆ ಅಷ್ಟೆ.”

ಮಾತು ನಿಜವೇ. ಇಷ್ಟು ವರ್ಷಕ್ಕೆ ಒಂದು ಸಲ ನಾಲ್ಕು ಜನರ ಎದುರು ನನ್ನ ಕೆಲಸವನ್ನು ನನ್ನದೆಂದು ಹೇಳಿದನಲ್ಲ ಎಂದು ಅವಳು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಆ ಮನುಷ್ಯ ಜಂಬ ಕೊಚ್ಚುವುದನ್ನು ಕೇಳುವುದಕ್ಕಾಗಿ ಅವಳು ಇನ್ನೊಂದು ವರ್ಷ ಬೇಕಾದರೂ ಸಂದು ತುಂಬುತ್ತಿದ್ದಳು.