ಚಾವಡಿಯಲ್ಲಿ ಪದ್ಮಾಕ್ಷಿ ಕೊಡದ ಮಾತು

ನನ್ನ ಅಣ್ಣನ ಮಗಳು ಪದ್ಮಾಕ್ಷಿ ಸ್ಯಾಕ್ಸೋಫೋನ್ ಊದುತ್ತಾಳೆ. ಡೋಲಿಗೆ ನೋಣಯ್ಯ, ತಾಳಕ್ಕೆ ಕಾಂತಿ. ಬೆಳ್ತಂಗಡಿಯಿಂದ ಮೂಡಬಿದ್ರೆಯವರೆಗೆ ಮದುವೆಗೂ ದೈವ ಕಟ್ಟಿ ಕುಣಿಯುವ ನೇಮಕ್ಕೂ ಈ ಮೂವರ ವಾಲಗದ ಸೆಟ್ಟು ಹೋಗುತ್ತದೆ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆ ಸೇರಿದೆ. ಅಣ್ಣನೂ ಹೋದ. ಈಗ ನಾನು, ಅವಳು ಇಬ್ಬರೇ. ಅವಳ ವಿಷಯದಲ್ಲಿ ಊರಿನವರು ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ. ನಾನು ಕಣ್ಣಾರೆ ಕಂಡದ್ದನ್ನು, ಅವರ ಬಾಯಿಂದಲೇ ಕೇಳಿದ್ದನ್ನು ಬರೆಯುತ್ತೇನೆ.

ವಾಲಗದವರಿಗೆ ಊದುವುದಕ್ಕಿಂತ ಕಾಯುವ ಕೆಲಸ ಜಾಸ್ತಿ. ಮದುಮಗನ ಕಡೆಯವರು ಬರುವವರೆಗೆ ಕಾಯಬೇಕು, ಭಟ್ಟರ ಮಂತ್ರ ಮುಗಿಯುವವರೆಗೆ ಕಾಯಬೇಕು. ಬೇರೆ ಸೆಟ್ಟಿನವರು ಮೊಬೈಲು ನೋಡುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ, ತೂಕಡಿಸುತ್ತಾರೆ. ನಮ್ಮ ಪದ್ಮಾಕ್ಷಿ ಸ್ಯಾಕ್ಸೋಫೋನಿನ ಪೆಟ್ಟಿಗೆಯಿಂದ ಲೈಬ್ರೆರಿ ಪುಸ್ತಕ ತೆಗೆಯುತ್ತಾಳೆ. ಮೊದಲು ಒಬ್ಬಳೇ ಓದುತ್ತಿದ್ದಳು. ಒಂದು ದಿನ ನೋಣಯ್ಯ ಕೇಳಿದನಂತೆ, "ಎಂಥದು, ನೀನೊಬ್ಬಳೇ ನಗುವುದು? ನಮಗೂ ಹೇಳು." ಅಂದಿನಿಂದ ಅವಳು ಮೆಲ್ಲನೆ ಓದುವುದು, ಅವರಿಬ್ಬರು ತಲೆ ಹತ್ತಿರ ತಂದು ಕೇಳುವುದು. ಕತೆಯಲ್ಲಿ ಯಾರಾದರೂ ಸತ್ತರೆ ಮರುದಿನ ಕಾಂತಿಯ ತಾಳಕ್ಕೂ ಸೂತಕ ಅಂತ ನೋಣಯ್ಯ ತಮಾಷೆ ಮಾಡುತ್ತಾನೆ.

ಆದದ್ದು ನಾರಾವಿ ಕಡೆಯ ದೊಡ್ಡ ಮನೆಯ ಮಗಳ ಮದುವೆಯಲ್ಲಿ. ಪದ್ಮಾಕ್ಷಿ ಓದುತ್ತಿದ್ದ ಕತೆಯಲ್ಲಿ ಒಬ್ಬಳು ಹೆಂಗಸು, ನೆರೆ ಬಂದ ಹೊಳೆಯನ್ನು ದೋಣಿಯಲ್ಲಿ ದಾಟುತ್ತಿದ್ದಳು. ದೋಣಿ ನಡುನೀರಿನಲ್ಲಿತ್ತು. ಭಟ್ಟರು ಕೈ ಎತ್ತಿ "ಗಟ್ಟಿಮೇಳ" ಅಂದರು. ಮೂವರಿಗೂ ಕೇಳಿಸಲಿಲ್ಲ. ಮದುಮಗ ಕರಿಮಣಿ ಕಟ್ಟಿಯೇ ಬಿಟ್ಟ. ಇಡೀ ಮದುವೆ ಹಾಲಿನಲ್ಲಿ ಫ್ಯಾನಿನ ಶಬ್ದ ಬಿಟ್ಟರೆ ಬೇರೇನಿಲ್ಲ. ಆಮೇಲೆ ಇವರು ಗಡಿಬಿಡಿಯಲ್ಲಿ ಶುರು ಮಾಡಿದರು, ಆದರೆ ಅಷ್ಟರಲ್ಲಿ ಅಕ್ಷತೆ ಬಿದ್ದಾಗಿತ್ತು. ಸಂಜೆಯೊಳಗೆ ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ತಪ್ಪು ತಪ್ಪೇ. ಪದ್ಮಾಕ್ಷಿ ಅಲ್ಲೇ ಮದುಮಗಳ ಕೈ ಹಿಡಿದು ಕ್ಷಮೆ ಕೇಳಿದಳು. ಆ ಹುಡುಗಿ, "ಹೋಗಲಿ ಅಕ್ಕ, ನನಗೂ ಗೊತ್ತಾಗಲಿಲ್ಲ" ಅಂದಳು.

ಮದುಮಗಳ ಅಪ್ಪ, ಆ ದೊಡ್ಡ ಮನೆಯ ಯಜಮಾನರು, ಬಿಡಲಿಲ್ಲ. ಆ ಮನೆಯ ದೈವದ ನೇಮಕ್ಕೆ ನಮ್ಮವರೇ ವಾಲಗ ಊದುವುದು, ನನ್ನ ಅಜ್ಜನ ಕಾಲದಿಂದಲೂ. ಯಜಮಾನರು ಹೇಳಿ ಕಳುಹಿಸಿದರು: ಮೇಳಕ್ಕೆ ಕೂತಲ್ಲಿ ಇನ್ನು ಪುಸ್ತಕ ಮುಟ್ಟುವುದಿಲ್ಲ ಅಂತ ಪದ್ಮಾಕ್ಷಿ ದೈವದ ಚಾವಡಿಯಲ್ಲಿ ಮಾತು ಕೊಡಬೇಕು, ಇಲ್ಲದಿದ್ದರೆ ಈ ವರ್ಷದ ನೇಮಕ್ಕೆ ಬೇರೆ ಸೆಟ್ಟು.

ಹಿರಿಯಳು ಅಂತ ನಾನೂ ಜೊತೆಗೆ ಹೋದೆ. ನೇಮ ಹತ್ತಿರ ಇದ್ದದ್ದರಿಂದ, ಮಾತು ಮುಗಿದರೆ ಅಲ್ಲೇ ಉಳಿಯುವುದೆಂದು ಮೂವರೂ ವಾದ್ಯ ಸಮೇತ ಬಂದಿದ್ದರು. ದಾರಿಯಲ್ಲಿ ಕಾಂತಿ ಅಂದಳು, "ಹ್ಞೂಂ ಅಂತ ಹೇಳಿ ಬಿಡು ಮಾರಾಯ್ತಿ. ಮೂಡಬಿದ್ರೆಯ ಹಾಲಿಗೆ ಬಂದು ನೋಡುವವರು ಯಾರು?"

"ಬೇರೆಲ್ಲಿಯಾದರೂ ಆದರೆ ಹೇಳುತ್ತಿದ್ದೆ," ಅಂದಳು ಪದ್ಮಾಕ್ಷಿ. "ಚಾವಡಿಯಲ್ಲಿ ನಿಂತು ಸುಳ್ಳು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ."

ಚಾವಡಿಯಲ್ಲಿ ದೀಪ ಉರಿಯುತ್ತಿತ್ತು. ಯಜಮಾನರು ಕಂಬಕ್ಕೆ ಒರಗಿ ಕೂತಿದ್ದರು. "ನನ್ನ ಮಗಳ ಮದುವೆಗೆ ಮೇಳ ಇರಲಿಲ್ಲ, ಹರಿಕತೆ ಇತ್ತು," ಅಂದರು. ಅವರ ಹಿಂದೆ ನಿಂತವರು ನಕ್ಕರು.

ಪದ್ಮಾಕ್ಷಿ ದೀಪಕ್ಕೆ ಕೈ ಮುಗಿದಳು. "ನಮ್ಮಿಂದ ತಪ್ಪಾಗಿದೆ. ಇನ್ನು ಮುಂದೆ ಮೂವರಲ್ಲಿ ಒಬ್ಬರ ಕಣ್ಣು ಯಾವಾಗಲೂ ಭಟ್ಟರ ಕೈಯ ಮೇಲೆ ಇರುತ್ತದೆ. ಗಟ್ಟಿಮೇಳ ತಪ್ಪುವುದಿಲ್ಲ. ಈ ಮಾತು ಕೊಡುತ್ತೇನೆ. ಓದುವುದಿಲ್ಲ ಅಂತ ಹೇಳುವುದಿಲ್ಲ. ನಾಳೆಯೂ ಓದುತ್ತೇನೆ."

"ಹೆಂಗಸಿಗೆ ಇಷ್ಟು ಹಟ ಒಳ್ಳೆಯದಲ್ಲ."

"ಹಟ ಅಲ್ಲ ಧನಿಗಳೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೈವದ ಎದುರು ಹಾಗಲ್ಲವಾ ಹೇಳಬೇಕಾದ್ದು?"

ಯಜಮಾನರು ಅವಳನ್ನು ಬಿಟ್ಟು ನೋಣಯ್ಯನ ಕಡೆ ತಿರುಗಿದರು. "ನೋಣಯ್ಯ, ನೀನು ಇಲ್ಲೇ ಇರು. ಊದುವವರನ್ನು ನಾನು ಬೇರೆ ಕರೆಸುತ್ತೇನೆ."

ನೋಣಯ್ಯ ಡೋಲಿನ ಪಟ್ಟಿಯನ್ನು ಹೆಗಲಿಗೆ ಏರಿಸಿದ. "ಆ ದಿನ ಡೋಲು ಬಾರಿಸದೆ ಕೂತದ್ದು ನಾನು. ನನ್ನ ಕೈಯನ್ನು ಇವಳು ಕಟ್ಟಿ ಹಾಕಿರಲಿಲ್ಲ. ಬೇರೆಯವರು ಊದಿಯಾರು, ಸರಿ. ಕಾಯುವ ಹೊತ್ತಿನಲ್ಲಿ ಅವರ ಹತ್ತಿರ ಏನು ಮಾತಾಡುವುದು, ರಬ್ಬರಿನ ರೇಟಾ?"

ತಾಳವನ್ನು ಚೀಲಕ್ಕೆ ಹಾಕಿ ಮೊದಲು ಮೆಟ್ಟಿಲಿಳಿದವಳು ಕಾಂತಿ. ಯಜಮಾನರು ನನ್ನನ್ನು ನೋಡಿ, "ನೀವಾದರೂ ಬುದ್ಧಿ ಹೇಳಬಾರದಾ?" ಅಂದರು. "ಬುದ್ಧಿ ಇದ್ದದ್ದರಿಂದಲೇ ಅವಳು ಹಾಗೆ ಹೇಳಿದ್ದು," ಅಂದೆ ನಾನು. ಅಜ್ಜನ ಕಾಲದ ವಾಲಗ ಅಲ್ಲಿಗೆ ಮುಗಿಯಿತು.

ರಸ್ತೆಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ ಕೂತೆವು. ಉರಿ ಬಿಸಿಲು. ಪದ್ಮಾಕ್ಷಿಯ ಕಣ್ಣು ತುಂಬಿತ್ತು, ಅವಳ ಅಪ್ಪ ಅವಳಿಗೆ ಊದಲಿಕ್ಕೆ ಕಲಿಸಿದ್ದು ಆ ಮನೆಯ ಅಂಗಳದಲ್ಲಿಯೇ. ನೋಣಯ್ಯ ಡೋಲಿನ ಬಟ್ಟೆ ಬಿಚ್ಚಿ ಬೆರಳಿನಿಂದ ಸಣ್ಣಗೆ ತಟ್ಟಿದ. ನೇಮದಲ್ಲಿ ದೈವ ಅಂಗಳಕ್ಕೆ ಇಳಿಯುವಾಗ ಬಾರಿಸುವ ನಡೆ. ಇನ್ನೊಮ್ಮೆ ತಟ್ಟಿದ. ಪದ್ಮಾಕ್ಷಿ ಮೂಗು ಒರೆಸಿ ಪೆಟ್ಟಿಗೆ ತೆರೆದಳು.

ಅವಳು ಸ್ವರವನ್ನು ಎಳೆಯುತ್ತಾ ಎಳೆಯುತ್ತಾ ಹೋದಳು, ನೋಣಯ್ಯ ಬೇಕೆಂದೇ ಪೆಟ್ಟು ತಡಮಾಡಿದ, ಇವಳು ಉಸಿರು ಹಿಡಿದು ಕಾದಳು, ಪೆಟ್ಟು ಬಿದ್ದ ಕೂಡಲೇ ಇಬ್ಬರೂ ನಕ್ಕರು. ಸ್ಯಾಕ್ಸೋಫೋನ್ ಬಾಯಿಯಲ್ಲಿಟ್ಟು ನಗುವುದು ಹೇಗೆಂದು ನನಗೆ ಗೊತ್ತಿಲ್ಲ, ಅವಳು ನಕ್ಕಳು. ಕಾಂತಿ ತಾಳ ಹೊರಗೆ ತೆಗೆದಳು. ಹೋಟೆಲಿನಿಂದ, ಸೆಲೂನಿನಿಂದ ಜನ ಹೊರಗೆ ಬಂದು ನಿಂತರು. ಒಬ್ಬ ಕೇಳಿದ, "ಇಲ್ಲಿ ಎಂಥದು ಕಾರ್ಯಕ್ರಮ?"

"ನಮ್ಮದೇ," ಅಂದೆ.

ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಎರಡು ಸಲ ಸೀಟಿ ಊದಿದ. "ಅಮ್ಮಾ, ನಿಮ್ಮವರು ಬರುತ್ತಾರಾ ಇಲ್ಲವಾ? ಲೇಟಾಗ್ತದೆ."

"ನೀನು ಹೋಗು ಮಾರಾಯ," ಅಂದೆ ನಾನು. "ನಾವು ಇನ್ನೊಂದರಲ್ಲಿ ಬರುತ್ತೇವೆ."